ಮಂಗಲವಾಗದ ‘ಶೂನ್ಯನೌಕೆ’: ನೋಡುವವರಿಗೊಂದು ಕೈಪಿಡಿ

‘ಶೂನ್ಯನೌಕೆ’ ಧಾರಾವಾಹಿ ನೋಡಬೇಕೆಂದಿರುವವರಿಗೆ ನನ್ನ ಮೊದಲನೆಯ ಸೂಚನೆ: ಟಿ.ವಿ. ಹಚ್ಚುವ ಮೊದಲು ಮನೆಯಲ್ಲಿರುವ ತೆಂಗಿನಕಾಯಿಗಳನ್ನೆಲ್ಲ ಬಚ್ಚಿಡಿ. ಎರಡನೆಯ ಸೂಚನೆ: ಮನೆಗೆ ಅತ್ತೆ ಬಂದಿದ್ದರೆ ನೋಡಲೇಬೇಡಿ. ಮೂರನೆಯ ಸೂಚನೆ ಕೊಡುವಷ್ಟು ತ್ರಾಣ ನನ್ನಲ್ಲಿಲ್ಲ. ಅದು ಯಾಕೆಂದು ತಿಳಿಯಬೇಕಾದರೆ ನೀವು ಇದನ್ನು ಪೂರ್ತಿ ಓದಬೇಕು.

ನಾನು ಹಾಲೇಶ. ಮರಳಿ ಎಂಬ ಊರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮನೆ ಗಂಗಾವತಿಯಲ್ಲಿ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೂ ಏನೋ ಕೆಲಸವಿರುತ್ತದೆ ಎಂದು ಹದಿನೇಳು ವರ್ಷಗಳಿಂದ ಮಕ್ಕಳಿಗೆ ಕಲಿಸಿದವನು. ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಬಿಚ್ಚಿ ಶರಬತ್ತು ಮಾಡಿ ಕುಡಿದು ತೋರಿಸಿದ ವೀರ. (ಎರಡು ದಿನ ಹೊಟ್ಟೆ ಕೆಟ್ಟಿತ್ತು. ಅದು ಹಣ್ಣು ಹಳೆಯದಾಗಿದ್ದರಿಂದ.)

ಇಂಥವನ ಕಿವಿಗೆ, ಕನ್ನಡದಲ್ಲಿ ಒಂದು ಅಂತರಿಕ್ಷದ ಧಾರಾವಾಹಿ ಬರುತ್ತದೆಂಬ ಸುದ್ದಿ ಬಿದ್ದರೆ ಹೇಗಾಗಬೇಡ! ಅಲ್ಲಿಯವರೆಗೆ ನಮ್ಮ ಟಿ.ವಿ.ಯಲ್ಲಿ ಅತ್ತೆ ಸೊಸೆಯ ಹಾಲಿಗೆ, ಸೊಸೆ ಅತ್ತೆಯ ಹಾಲಿಗೆ ಏನೋ ಬೆರೆಸುವುದನ್ನು ಬಿಟ್ಟರೆ ಬೇರೆ ರಸಾಯನಶಾಸ್ತ್ರವಿರಲಿಲ್ಲ. ಈಗ ಕನ್ನಡ ಮಾತಾಡುವ ಏಳು ಜನ ನೌಕೆಯೊಂದರಲ್ಲಿ ಕೂತು ನಕ್ಷತ್ರಗಳ ಕಡೆ ಹೊರಟಿದ್ದರು. ಭಾನುವಾರವೂ ಬಿಡದಂತೆ ದಿನಾ ಸಂಜೆ ಏಳೂವರೆಗೆ. ನಾನು ಇನ್ನೂರು ಪುಟದ ನೋಟ್‌ಬುಕ್ ತಂದು, ಮೇಲೆ ಕೆಂಪು ಶಾಯಿಯಲ್ಲಿ ‘ನೋಡುಗರ ಕೈಪಿಡಿ’ ಎಂದು ಬರೆದೆ. ಪ್ರತಿ ಕಂತಿನ ಸಾರಾಂಶ, ಪಾತ್ರಗಳ ಪರಿಚಯ, ಅಲ್ಲಿ ಬರುವ ವಿಜ್ಞಾನದ ವಿವರಣೆ. ಪಾಮರರು ಓದಿ ಉದ್ಧಾರವಾಗಲೆಂದು.

ಮೊದಲನೆಯ ಪಾಮರರು ಆ ಹೊತ್ತಿಗಾಗಲೇ ನಮ್ಮ ಪಡಸಾಲೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ನನ್ನ ಅತ್ತೆ ವಿರೂಪಾಕ್ಷಮ್ಮ. ಊರು ಕುಷ್ಟಗಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೊಪ್ಪಳದ ದವಾಖಾನೆಯಲ್ಲಿ ಒಂದು ಕಣ್ಣಿನ ಆಪರೇಶನ್ ಆಗಿ, ಇನ್ನೊಂದಕ್ಕೆ ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ಆ ತಿಂಗಳು ಮಗಳ ಮನೆಯಲ್ಲಿ ಎಂದು ತೀರ್ಮಾನವಾಗಿತ್ತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವರು ನನ್ನನ್ನು ಬಹಳ ಹೊತ್ತು ನೋಡಿ, ನನ್ನ ಹೆಂಡತಿಯನ್ನು ಕೇಳಿದರು.

“ಶಿವಲೀಲಾ, ಅಳಿಯಾರು ಮದಿವ್ಯಾಗ ಹಿಂಗ ಇದ್ದಿಲ್ಲಲ್ಲ?”

“ಹಿಂಗ ಇದ್ರಬೇ ಯವ್ವಾ. ನಿನಗ ಕಾಣ್ತಿದ್ದಿಲ್ಲ.”

ಇರಲಿ. ವಿಷಯಕ್ಕೆ ಬರುತ್ತೇನೆ. ಡಾಕ್ಟರು ಒಂದು ವಾರ ಟಿ.ವಿ., ಮೊಬೈಲು ಕಡಿಮೆ ನೋಡಿ ಎಂದಿದ್ದರು. ಅತ್ತೆ ಅದನ್ನು ಪೂರ್ತಿ ತಿಂಗಳಿಗೆ ವಿಸ್ತರಿಸಿ, ಟಿ.ವಿ.ಗೆ ಬೆನ್ನು ಮಾಡಿ ಗೋಡೆ ನೋಡುತ್ತಾ ಕೂರುತ್ತಿದ್ದರು. “ಡಾಕ್ಟರು ಒಂದು ಅಂದ್ರ ನಾವು ನಾಕು ಮಾಡಬೇಕು. ಹೇಳಿದಷ್ಟ ಮಾಡಾಕ ನಾವೇನು ಸರಕಾರದವ್ರ?” ಎಂಬುದು ಅವರ ನಿಲುವು.

ಮೊದಲ ಕಂತಿನ ದಿನ ಏಳೂ ಇಪ್ಪತ್ತಕ್ಕೆ ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಅಂದು ಶ್ರಾವಣದ ಮೊದಲ ದಿನ. ಕುಷ್ಟಗಿಯ ಅವರ ಓಣಿಯ ಗುಡಿಯಲ್ಲಿ ಪುರಾಣ ಹಚ್ಚುವ ದಿನ.

“ಮೂವತ್ತು ವರ್ಷದಾಗ ಒಂದ ಶ್ರಾವಣದ ಪುರಾಣನೂ ಬಿಟ್ಟಿಲ್ಲ ನಾ. ಈ ವರ್ಷ ಕಣ್ಣು ಬಿಡಿಸ್ತು ನೋಡವ್ವ” ಎಂದು ಅವರು ಅಂದದ್ದೇ, ಶಿವಲೀಲಾ ರಿಮೋಟಿಗೆ ಕೈ ಹಾಕಿದಳು.

“ಯವ್ವಾ, ಭಕ್ತಿಗೀತಿ ಹಚ್ಚಲೇನು?”

ಏಳೂ ಇಪ್ಪತ್ತೈದು. ಇನ್ನು ಐದು ನಿಮಿಷಕ್ಕೆ ನನ್ನ ನೌಕೆ ನೆಲ ಬಿಡುವುದಿತ್ತು. ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆದ ಉಪಾಯಗಳನ್ನೆಲ್ಲ ಬಾಯಿಗೆ ತರಬಾರದೆಂದು ತಿಳಿಯುವಷ್ಟು ವಯಸ್ಸು ನನಗಾಗಿದೆ, ಆದರೂ ತಂದೆ.

“ಅತ್ತಿಯವ್ರ, ಇವತ್ತಿಂದ ಟಿ.ವಿ.ಯೊಳಗನ ಒಂದು ಪುರಾಣ ಹಚ್ಚಾಕತ್ತಾರ.”

“ಹೌದ್ರಿ? ಯಾವ ಪುರಾಣರಿ ಅಳಿಯಾರ?”

“ಅಂತರಿಕ್ಷ ಪುರಾಣ. ಮ್ಯಾಲಿನ ಲೋಕದ್ದು. ಭಾಳ ಹಳೇದು.” (ನಕ್ಷತ್ರದ ಬೆಳಕು ನಮ್ಮನ್ನು ಮುಟ್ಟಲು ಸಾವಿರಾರು ವರ್ಷ ಹಿಡಿಯುವುದರಿಂದ ಇದು ಪೂರ್ತಿ ಸುಳ್ಳೂ ಅಲ್ಲ.)

“ಓದೋರು ಟಿ.ವಿ.ಯವ್ರು ಆತು. ಅರ್ಥ ಯಾರು ಹೇಳ್ತಾರ?”

“ನಾನ ಹೇಳ್ತೀನ್ರಿ!”

ಈ ಎರಡು ಶಬ್ದ ನನ್ನನ್ನು ಮುಳುಗಿಸಿದವು. ಅತ್ತೆ ಎದ್ದರು. ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತಂದರು. ಹೊಸ್ತಿಲ ಮೇಲೆ ಒಂದೇ ಏಟಿಗೆ ಒಡೆದರು. ಟಿ.ವಿ. ಮುಂದೆ ದೀಪ ಹಚ್ಚಿ, ಊದಿನಕಡ್ಡಿ ಬೆಳಗಿ, ಮತ್ತೆ ಗೋಡೆಯ ಕಡೆ ಮುಖ ಮಾಡಿ ಕೂತು ಕೈಮುಗಿದರು.

“ಪುರಾಣ ಹಚ್ಚಿದಂಗಾತು. ಅಳಿಯಾರ, ಅರ್ಥ ಹೇಳೋರಿಗೆ ನೇಮ ಇರ್ತೈತಿ. ಗೊತ್ತಲ್ಲ?”

“ಏನ್ ನೇಮರಿ?”

“ಪುರಾಣ ಮುಗಿದು ಮಂಗಲ ಆಗೂತನಕ ಗಡ್ಡ ತಗೀಬಾರದು. ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟಬಾರದು. ಒಪ್ಪತ್ತು ಊಟ. ಕಂಬಳಿ ಹಾಸಿ ಕೆಳಗ ಮಲಗಬೇಕು. ಕೇಳೋರು ಊರ ಗಡಿ ದಾಟಬಾರದು. ಅಷ್ಟರಿ.”

ಅಷ್ಟೇ ಅಂತೆ! ನಾನು ಹೌಹಾರಿ ಶಿವಲೀಲಾಳ ಕಡೆ ನೋಡಿದೆ. ಅವಳು ರಿಮೋಟನ್ನು ನನ್ನ ಕೈಗಿಟ್ಟು, ಮುಖದ ತುಂಬ ಭಕ್ತಿ ತುಂಬಿಕೊಂಡು, “ನಡೀರಿ, ಅರ್ಥ ಹೇಳ್ರಿ” ಎಂದಳು. ಹಾಸಿಗೆ ಪೂರ್ತಿ ಅವಳೊಬ್ಬಳಿಗೇ ಸಿಕ್ಕಿತ್ತು.

ಈಗ ಕೈಪಿಡಿಯ ಮುಖ್ಯ ಭಾಗ. ಧಾರಾವಾಹಿಯಲ್ಲಿ ಏನಿದೆ, ಪುರಾಣದಲ್ಲಿ ಅದು ಏನಾಯಿತು ಎಂದು ಕೇಳಿ. ನೌಕೆಯ ನಾಯಕ ವಿಕ್ರಾಂತ. ಅವನು ದೊರೆಯಾದ. ಅವನ ಹೆಂಡತಿ ಚಾರ್ವಿ, ಗಿಡಗಳ ವಿಜ್ಞಾನಿ. ಮಹಾಪತಿವ್ರತೆಯಾದಳು. ನೌಕೆಯನ್ನು ನಡೆಸುವ, ಬರೀ ದನಿಯಿರುವ ಗಣಕಯಂತ್ರಕ್ಕೆ ತಾರಿಣಿ ಎಂದು ಹೆಸರು. ಅದನ್ನು ಅಶರೀರವಾಣಿ ಎಂದೆ, ಸುಲಭವಾಗಿ ಹೋಯಿತು. ಕಷ್ಟವಾದದ್ದು ನಾಲ್ಕನೆಯ ಕಂತಿನಲ್ಲಿ. ಅಲ್ಲಿ ನೌಕೆ ಆಕಾಶದ ಒಂದು ರಂಧ್ರದೊಳಗೆ ನುಗ್ಗಿ ಕ್ಷಣಮಾತ್ರದಲ್ಲಿ ಲಕ್ಷಾಂತರ ಮೈಲಿ ಆಚೆ ಹೊರಬೀಳುತ್ತದೆ. ಜಾಗವೇ ಮಡಚಿಕೊಳ್ಳುವ ಈ ವಿಷಯವನ್ನು ಹಾಳೆ ಮಡಚಿ ತೋರಿಸಲು ಹೋದೆ. ಅತ್ತೆ ಗೋಡೆಯನ್ನೇ ನೋಡುತ್ತಾ ನಡುವೆಯೇ ತಡೆದರು.

“ಅಂದ್ರ ಹಿಟ್ನಾಳ ಕ್ರಾಸಿಗೆ ಹೋಗದ, ಹೊಲದಾಗ ಹಾಸಿ ಒಳದಾರೀಲೆ ಕೊಪ್ಪಳ ಮುಟ್ಟಿದಂಗ.”

ಎರಡು ಪುಟ ಬರೆದಿದ್ದ ವಿವರಣೆಯನ್ನು ಹೊಡೆದುಹಾಕಿ, ಕೈಪಿಡಿಯಲ್ಲಿ ಆ ಒಂದೇ ಸಾಲು ಬರೆದುಕೊಂಡೆ.

ವಾರ ಕಳೆಯುವಷ್ಟರಲ್ಲಿ ಓಣಿಗೆಲ್ಲ ಸುದ್ದಿಯಾಯಿತು. ಪಕ್ಕದ ಮನೆಯ ರಾಜಾಬೀ ಬಂದಳು. ಎದುರು ಮನೆಯ ಹುಲಿಗವ್ವ ತನ್ನ ಇಬ್ಬರು ನಾದಿನಿಯರನ್ನು ಕರೆತಂದಳು. ಅತ್ತೆ ಟಿ.ವಿ.ಗೆ ಬೆನ್ನು ಮಾಡಿ ಕೂರುವುದನ್ನು ನೋಡಿ, ಅದೇ ಪದ್ಧತಿ ಇರಬೇಕೆಂದು ಬಂದವರೆಲ್ಲ ಗೋಡೆಯ ಕಡೆ ತಿರುಗಿ ಕೂತರು. ಇಡೀ ಗಂಗಾವತಿಯಲ್ಲಿ ಆ ಧಾರಾವಾಹಿಯನ್ನು ಹನ್ನೊಂದು ಜನ ಒಟ್ಟಿಗೆ ಕೂತು, ಒಬ್ಬರೂ ನೋಡದೆ ಮುಗಿಸುತ್ತಿದ್ದ ಮನೆ ನಮ್ಮದೊಂದೇ ಇರಬೇಕು.

ನನ್ನ ಸ್ಥಿತಿ ಮಾತ್ರ ನಾಯಿಪಾಡು. ರಾಜಾಬೀಯ ಗಂಡ ಶಬ್ಬೀರ ನಮ್ಮ ಕಿಟಕಿಯ ಕೆಳಗೇ ಮಿರ್ಚಿ ಭಜಿಯ ಬಂಡಿ ಇಡುತ್ತಾನೆ. ಬಿಸಿ ಮಿರ್ಚಿಯನ್ನು ಸೀಳಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ತುಂಬಿ ಕೊಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಗಡ್ಡ ಬಿಟ್ಟು, ಹೊಟ್ಟೆ ಬೆನ್ನಿಗೆ ಹತ್ತಿಸಿಕೊಂಡು ನಾನು ಒಂದು ದಿನ ಬಂಡಿಯ ಮುಂದೆ ನಿಂತೆ. ಶಬ್ಬೀರ ಕೈ ತೊಳೆದುಕೊಂಡು ನಮಸ್ಕಾರ ಮಾಡಿದ.

“ಮಾಸ್ತರ್ರ, ನೇಮದಾಗ ಅದೀರಿ. ನಿಮಗ ಮಿರ್ಚಿ ಕೊಟ್ರ ರಾಜಾಬೀ ನನ್ನ ಬಂಡಿ ಮುರದ ಹಾಕ್ತಾಳ. ಮಂಗಲ ಆಗಲಿ, ಆಮ್ಯಾಲ ಬರ್ರಿ.”

ಶಾಲೆಯಲ್ಲಿ ಮಕ್ಕಳು ‘ಸ್ವಾಮಿ ಸರ್’ ಎನ್ನತೊಡಗಿದರು. ವಿಜ್ಞಾನದ ಮಾಸ್ತರನಿಗೆ ಇದಕ್ಕಿಂತ ಅವಮಾನ ಬೇಕೇ? ಹೋಗಲಿ ಬಿಡು, ಶ್ರಾವಣ ಮುಗಿದರೆ ಎಲ್ಲ ಮುಗಿಯುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಆದರೆ ಧಾರಾವಾಹಿಯವರು ಪಂಚಾಂಗ ನೋಡಿ ಕಥೆ ಬರೆಯುವುದಿಲ್ಲ. ಶ್ರಾವಣ ಮುಗಿದು ಭಾದ್ರಪದ ಬಂದರೂ ನೌಕೆ ಹೋಗುತ್ತಲೇ ಇತ್ತು.

ಮೂವತ್ತೊಂದನೆಯ ಕಂತು. ನೌಕೆಯಲ್ಲಿ ಉಸಿರಾಡುವ ಗಾಳಿ ತೀರುತ್ತಾ ಬಂದಿದೆ. ಚಾರ್ವಿ ಏಳು ತಿಂಗಳ ಗರ್ಭಿಣಿ. ಅವಳ ಜೀವ ಉಳಿಸಲು ವಿಕ್ರಾಂತ ಅವಳನ್ನು ಹಿಮದಂತೆ ತಣ್ಣಗಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾನೆ. ನೂರು ವರ್ಷ ಹಾಗೇ ನಿದ್ದೆ. ಅಷ್ಟರಲ್ಲಿ ಕಲ್ಲೊಂದು ಬಡಿದು ನೌಕೆಯ ಬಾಗಿಲು ಕಿತ್ತುಹೋಗುತ್ತದೆ. ಪೆಟ್ಟಿಗೆ ಜಾರುತ್ತದೆ. ವಿಕ್ರಾಂತ ಕೈಚಾಚುತ್ತಾನೆ. ಕೈಗೂ ಪೆಟ್ಟಿಗೆಗೂ ಒಂದೇ ಗೇಣು. ಅಲ್ಲಿಗೆ ಆ ದಿನದ್ದು ಮುಗಿಯಿತು.

“ಅಯ್ಯ ಶಿವನ! ಏಳು ತಿಂಗಳ ಬಸರಿನ ಥಂಡಿ ಪೆಟಗ್ಯಾಗ ಇಟ್ರ?” ಹುಲಿಗವ್ವ ಎದೆ ಬಡಿದುಕೊಂಡಳು. “ಕುಬಸ ಸೈತ ಮಾಡಿಲ್ಲ ಇನ್ನ!” (ಕುಬಸವೆಂದರೆ ನಮ್ಮ ಕಡೆಯ ಸೀಮಂತ.)

ಮರುದಿನ ಏಳೂವರೆಗೆ ಇಡೀ ಓಣಿ ಗೋಡೆ ನೋಡುತ್ತಾ ಕೂತಿತ್ತು. ನಾನು ಟಿ.ವಿ. ಹಚ್ಚಿದೆ. ಪರದೆಯ ಮೇಲೆ ನೌಕೆ ಇರಲಿಲ್ಲ. ಒಬ್ಬಳು ಹೆಣ್ಣುಮಗಳು ನಗುತ್ತಾ ಬಾಣಲೆಗೆ ಎಣ್ಣೆ ಹೊಯ್ಯುತ್ತಿದ್ದಳು. ಚಾನೆಲ್ ತಪ್ಪಿರಬೇಕೆಂದು ನೋಡಿದೆ. ತಪ್ಪಿರಲಿಲ್ಲ. ಸಾಸಿವೆ ಚಟಪಟ ಸಿಡಿಯಿತು.

“ಅದೇನರಿ ಸಪ್ಪಳ ಅಳಿಯಾರ?” ಎಂದರು ಅತ್ತೆ, ಗೋಡೆಗೆ.

“ಉಲ್ಕಾಪಾತರಿ. ನೌಕಾದ ಮ್ಯಾಲ ಕಲ್ಲಿನ ಮಳಿ ಬೀಳಾಕತ್ತೈತಿ.”

ಎಲ್ಲರೂ ಲೊಚಗುಟ್ಟಿದರು. ಅಷ್ಟರಲ್ಲಿ ಆ ಪುಣ್ಯಾತ್ಗಿತ್ತಿ ಇಂಪಾದ ದನಿಯಲ್ಲಿ, “ಈಗ ಎರಡು ದೊಡ್ಡ ಈರುಳ್ಳಿ ಹಾಕಿ ಕೆಂಪಗೆ ಹುರಿಯೋಣ” ಎಂದಳು.

ಅತ್ತೆಯ ಬೆನ್ನು ನೆಟ್ಟಗಾಯಿತು.

“ಪುರಾಣದಾಗ ಉಳ್ಳಾಗಡ್ಡಿ?”

“ಅದು... ರಾಕ್ಷಸರ ಲೋಕರಿ ಅತ್ತಿಯವ್ರ. ಪೆಟಗಿ ಅಲ್ಲಿಗೆ ಹೋಗಿ ಬಿದ್ದೈತಿ.”

“ಆ ಹುಡಿಗಿನ್ನ ಹುರಿಯಾಕತ್ತಾರೇನ್ ಹಂಗಾರ?” ಎಂದು ರಾಜಾಬೀ ಅಳಲು ಶುರು ಮಾಡಿದಳು. ನಾನು ಟಿ.ವಿ. ಆರಿಸಿ, ಕರೆಂಟು ಹೋಯಿತೆಂದೆ. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.

ಅಂಗಳಕ್ಕೆ ಹೋಗಿ ಚಾನೆಲ್‌ನವರಿಗೆ ಫೋನು ಹಚ್ಚಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಬೆಂಗಳೂರಿನ ದನಿಯೊಂದು ಸಿಕ್ಕಿತು.

“ಆ ಸೀರಿಯಲ್ ನಿಲ್ಲಿಸಿಬಿಟ್ವಿ ಸರ್. ಯಾರೂ ನೋಡ್ತಿರಲಿಲ್ಲ.”

(ಅದೂ ನಿಜವೇ. ನಮ್ಮ ಮನೆಯಲ್ಲಂತೂ ಯಾರೂ ನೋಡುತ್ತಿರಲಿಲ್ಲ.)

“ಆದ್ರ ಕಥಿರಿ? ಆ ಹೆಣ್ಣುಮಗಳು ಪೆಟಗ್ಯಾಗ...”

“ಕಥೆ ಅಷ್ಟೇ ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?”

ಬೇಕಿತ್ತು. ಬಹಳ ಬೇಕಿತ್ತು. ಆದರೆ ಫೋನು ಇಟ್ಟಾಗಿತ್ತು.

ಮರುದಿನ ಬೆಳಿಗ್ಗೆ ಅತ್ತೆಯ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಅದು ಪುರಾಣವಲ್ಲ, ನಾನು ಸುಳ್ಳು ಹೇಳಿದೆ, ಕಂಪನಿಯವರು ಕಟ್ಟಿದ ಕಥೆ, ಅದೂ ಅರ್ಧಕ್ಕೆ ನಿಂತಿತು, ತಪ್ಪಾಯಿತು ಎಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಶಾಂತವಾಗಿ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು.

“ಕಾಯಿ ಒಡದು, ದೀಪ ಹಚ್ಚಿ ಕೇಳಿದ್ದು ಪುರಾಣನರಿ. ಯಾರು ಬರದ್ರು ಅನ್ನೂದು ನಮಗ್ಯಾಕ ಬೇಕು? ಹಚ್ಚಿದ ಪುರಾಣ ಮಂಗಲ ಆಗದ ಬಿಟ್ರ ಮನಿಗೆ ಛಲೋ ಅಲ್ಲ. ಮಂಗಲ ಆಗೂತನ ನಾ ಊರ ಗಡಿ ದಾಟಂಗಿಲ್ಲ.”

ಶಿವಲೀಲಾ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. “ಯವ್ವಾ, ಬರೂ ಗುರುವಾರ ನಿಂದು ಎರಡನೇ ಕಣ್ಣಿಂದು ಆಪರೇಶನ್ ಐತಿ! ಕೊಪ್ಪಳಕ್ಕ ಹೋಗಬೇಕು!”

“ಮಂಗಲ ಆದ ಮ್ಯಾಲ ಹೋಗೂಣು.”

ಕೊಪ್ಪಳದ ಡಾಕ್ಟರ್ ಸುರೇಖಾ ಅವರಿಗೆ ಫೋನು ಮಾಡಿ, ಒಂದು ತಿಂಗಳು ಮುಂದೆ ಹಾಕಬಹುದೇ ಎಂದು ಕೇಳಿದೆ. ಆಕೆ ಮಾತು ಜಗಿಯುವವರಲ್ಲ. “ಆ ಕಣ್ಣಾಗ ಪೊರಿ ಪೂರ್ತಿ ಹಣ್ಣಾಗೇತ್ರಿ. ಒಳಗ ಒಡದ್ರ ಕಣ್ಣ ಹೋಗ್ತೈತಿ. ಗುರುವಾರ ಕರಕೊಂಡ ಬರ್ರಿ, ನೆವ ಹೇಳಬ್ಯಾಡ್ರಿ” ಎಂದರು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಅದುವರೆಗೆ ನನ್ನ ಗಡ್ಡ, ನನ್ನ ಮಿರ್ಚಿ, ನನ್ನ ಸೊಂಟನೋವು ಇಷ್ಟರಲ್ಲೇ ಇದ್ದೆ. ನನ್ನೊಂದು ತಮಾಷೆಯ ಸುಳ್ಳಿಗೆ ಒಬ್ಬ ಹೆಣ್ಣುಮಗಳ ಕಣ್ಣು ಹೋಗುವುದರಲ್ಲಿತ್ತು.

“ನಿಮ್ಮ ಸೀರಿಯಲ್ ಸಲುವಾಗಿ ನಮ್ಮವ್ವನ ಕಣ್ಣ ಹೋತಂದ್ರ ನೋಡ್ರಿ ಮತ್ತ” ಎಂದಳು ಶಿವಲೀಲಾ. ಅವಳ ಕಣ್ಣು ತುಂಬಿತ್ತು. “ಏನ ಮಾಡ್ತೀರೋ ಮಾಡ್ರಿ. ಬುಧವಾರದೊಳಗ ಮಂಗಲ ಆಗಬೇಕು.”

ಹೀಗೆ, ಚಾನೆಲ್‌ನವರು ಕೈಬಿಟ್ಟ ಕಥೆಯನ್ನು ನಾನು ಮುಗಿಸಬೇಕಾಯಿತು. ಕೈಪಿಡಿಯ ಉಳಿದ ಪುಟಗಳಲ್ಲಿ ಮೂರು ದಿನ ಕೂತು ಬರೆದೆ. ವೈಜ್ಞಾನಿಕವಾಗಿ ಎಲ್ಲೂ ತಪ್ಪಿಲ್ಲದ ಮುಕ್ತಾಯ. ಪೆಟ್ಟಿಗೆ ಒಂದು ಗ್ರಹವನ್ನು ಸುತ್ತತೊಡಗುತ್ತದೆ, ವಿಕ್ರಾಂತ ಅದರ ವೇಗ ಲೆಕ್ಕಹಾಕಿ ಹಿಡಿಯುತ್ತಾನೆ, ಚಾರ್ವಿ ಏಳುತ್ತಾಳೆ, ಶುಭಂ. ಹದಿನಾಲ್ಕು ಪುಟ, ಎರಡು ಸಮೀಕರಣ.

ಮಂಗಳವಾರ ಸಂಜೆ ಮಂಗಲ. ಆರಿಸಿದ ಟಿ.ವಿ.ಗೆ ಚೆಂಡುಹೂವಿನ ಹಾರ ಹಾಕಿದ್ದರು. ಇಪ್ಪತ್ಮೂರು ಹೆಣ್ಣುಮಕ್ಕಳು. ನಾನು ಶಾಲು ಹೊದ್ದು ಮೊದಲ ಸಮೀಕರಣ ಓದುವಷ್ಟರಲ್ಲಿ ಹುಲಿಗವ್ವ ಕೈ ಎತ್ತಿದಳು.

“ಮಾಸ್ತರ್ರ, ಆಕೀನ ಹೆಂಗಾರ ಎಬ್ಬಿಸ್ರಿ. ಕುಬಸ ಯಾವಾಗ?”

“ಕುಬಸ ಇಲ್ಲವ್ವ. ಅಂತರಿಕ್ಷದಾಗ ತವರಮನಿಯವ್ರು ಎಲ್ಲಿಂದ ಬರಬೇಕು?”

“ಬಸರಿಗೆ ತವರಮನಿ ಇಲ್ಲದ್ದು ಯಾತರ ಲೋಕರಿ ಅದು?”

ಸಭೆಯಲ್ಲಿ ಗದ್ದಲವೆದ್ದಿತು. ಅತ್ತೆ ಗೋಡೆಯ ಕಡೆಯಿಂದ ಗಂಭೀರವಾಗಿ, “ಕುಬಸ ಇಲ್ಲದ ಮಂಗಲ ಆಗಂಗಿಲ್ಲರಿ” ಎಂದು ತೀರ್ಪು ಕೊಟ್ಟರು. ನಾನು ಬೆವರು ಒರೆಸಿಕೊಂಡು ಇನ್ನೊಂದು ನೌಕೆ ಹೊರಡಿಸಿದೆ. ಅದರಲ್ಲಿ ಚಾರ್ವಿಯ ತಾಯಿ, ಸೋದರಮಾವ, ಹಸಿರು ಸೀರೆ, ಹಸಿರು ಬಳೆ, ಬುತ್ತಿಯ ಬುಟ್ಟಿ.

“ಬುತ್ಯಾಗ ಏನೇನೈತ್ರಿ?”

“ಹೋಳಿಗಿ, ಕರ್ಚಿಕಾಯಿ, ಐದು ತರದ ಅನ್ನ. ಆದ್ರ ಅಲ್ಲಿ ಗುರುತ್ವಾಕರ್ಷಣ ಇಲ್ಲಲ್ಲ, ಕರ್ಚಿಕಾಯಿ ಎಲ್ಲಾ ತೇಲ್ಯಾಡಾಕತ್ತಾವ.”

“ಬುಟ್ಟಿಗೆ ಅರಿವಿ ಕಟ್ಟಬೇಕ್ರಿ. ಅಷ್ಟೂ ತಿಳಿಯಂಗಿಲ್ಲೇನು ಆಕಿ ತಾಯಿಗೆ?”

ಅರಿವೆ ಕಟ್ಟಿಸಿದೆ. ರಾಜಾಬೀ ಕೂಸು ಹುಟ್ಟಿಸದೆ ಏಳುವುದಿಲ್ಲ ಎಂದಳು. ಹುಟ್ಟಿಸಿದೆ. ಹುಲಿಗವ್ವನ ನಾದಿನಿಯೊಬ್ಬಳು ಕೂಸಿಗೆ ತೊಟ್ಟಿಲು ಬೇಕೆಂದಳು, ಇನ್ನೊಬ್ಬಳು ಥಂಡಿ ಪೆಟ್ಟಿಗೆಯಲ್ಲಿ ಮಲಗಿದ್ದವಳಿಗೆ ಬಾಣಂತನದಲ್ಲಿ ಸಾಕಷ್ಟು ಬಿಸಿನೀರು ಹಾಕಿ ಎಂದಳು. ನನ್ನ ಎರಡು ಸಮೀಕರಣಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಮೂರು ತಾಸಿನ ಮೇಲೆ ವಿಕ್ರಾಂತ, ಚಾರ್ವಿ, ಕೂಸು, ಬೀಗರು ಎಲ್ಲ ಸುಖವಾಗಿ ಊಟಕ್ಕೆ ಕೂತಲ್ಲಿಗೆ ಕಥೆ ಮುಗಿಯಿತು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ನಿಜ ಹೇಳುತ್ತೇನೆ, ನನ್ನ ಕಣ್ಣೂ ಒದ್ದೆಯಾಗಿತ್ತು.

“ಇನ್ನ ಫಲ ಹೇಳ್ರಿ ಅಳಿಯಾರ” ಎಂದರು ಅತ್ತೆ. “ಈ ಪುರಾಣ ಕೇಳಿದೋರಿಗೆ ಏನ್ ಫಲ? ಅದನ್ನ ಹೇಳಿದ್ರನ ಮಂಗಲ.”

ನಾನು ಅದನ್ನು ಬರೆದಿರಲಿಲ್ಲ. ಶಿವಲೀಲಾ ಬಾಗಿಲ ಹತ್ತಿರದಿಂದ ಕಣ್ಣು ಬಿಟ್ಟು ನೋಡುತ್ತಿದ್ದಳು. ಗುರುವಾರಕ್ಕೆ ಇನ್ನು ಒಂದೇ ದಿನವಿತ್ತು. ಎಲ್ಲಿ ಕೊನೆಯ ಗಳಿಗೆಯಲ್ಲಿ ತಪ್ಪಿಹೋಗುತ್ತದೋ ಎಂಬ ಗಾಬರಿಯಲ್ಲಿ ನನ್ನ ನಾಲಿಗೆ ತಾನೇ ತಾನಾಗಿ ಹೊರಳಿತು.

“ಈ ಪುರಾಣವನ್ನು ಭಕ್ತಿಯಿಂದ ಕೇಳಿದವರ ಕಣ್ಣಿನ ಪೊರೆ ಕಳಚಿ ಬೀಳುತ್ತದೆ. ಗುರುವಾರ ಬಸ್ಸು ಹತ್ತಿದರೆ ಇನ್ನೂ ಬೇಗ ಬೀಳುತ್ತದೆ.”

“ಹರಹರ ಮಹಾದೇವ!” ಎಂದು ಇಪ್ಪತ್ಮೂರು ಕೊರಳು ಕೂಗಿದವು. ನಿಂಬೆಹಣ್ಣಿನ ಶರಬತ್ತು ಕುಡಿದ ವೀರನ ಬಾಯಿಂದ ಈ ಮಾತು ಬಂದಿತ್ತು. ಆದರೆ ಅತ್ತೆ ಎದ್ದು, “ಶಿವಲೀಲಾ, ನನ್ನ ಚೀಲ ತುಂಬು” ಎಂದಾಗ ನನಗೆ ಎಷ್ಟು ಹಗುರವಾಯಿತೆಂದರೆ, ನಾಚಿಕೆ ಪಟ್ಟುಕೊಳ್ಳುವುದನ್ನು ಮುಂದಕ್ಕೆ ಹಾಕಿದೆ.

ಬುಧವಾರ ಗಡ್ಡ ತೆಗೆಸಿದೆ. ಶಬ್ಬೀರನ ಬಂಡಿಯಲ್ಲಿ ಏಳು ಮಿರ್ಚಿ ತಿಂದೆ. ಗುರುವಾರ ತಾಯಿ ಮಗಳು ಕೊಪ್ಪಳಕ್ಕೆ ಹೋದರು. ಆಪರೇಶನ್ ಸುಸೂತ್ರವಾಯಿತೆಂದು ಶಿವಲೀಲಾ ಫೋನು ಮಾಡಿದಳು. ಅವ್ವನನ್ನು ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ನೋಡುತ್ತಾರಂತೆ, ಭಾನುವಾರ ಬನ್ನಿ ಎಂದಳು. “ಬರಬೇಕಾದ್ರ ಗಟ್ಟಿ ಮನಸ್ಸು ಮಾಡಿ ಬರ್ರಿ” ಎಂದೂ ಸೇರಿಸಿದಳು. ಯಾಕೆ ಎಂದರೆ ಹೇಳಲಿಲ್ಲ.

ಭಾನುವಾರ ಹಿಟ್ನಾಳ ಕ್ರಾಸಿನಲ್ಲಿ ಇಳಿದು, ಉಳ್ಳಾಗಡ್ಡಿ ಧಾರಾಳವಾಗಿ ಹಾಕಿದ ಒಗ್ಗರಣೆ ಮಂಡಾಳ (ಕೆಲವರು ಮಂಡಕ್ಕಿ ಎನ್ನುತ್ತಾರೆ) ಹೊಡೆದು, ಕೊಪ್ಪಳದ ಬಸ್ಸು ಹತ್ತಿದೆ. ದವಾಖಾನೆಯ ಹೆಂಗಸರ ವಾರ್ಡಿನ ಬಾಗಿಲಲ್ಲಿ ನಿಂತಾಗ ಅತ್ತೆ ಆ ತುದಿಯ ಹಾಸಿಗೆಯಿಂದಲೇ, ನನ್ನ ತಲೆಯ ಮೇಲೆ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಗಟ್ಟಿಯಾಗಿ ಓದಿದರು. “ಇಲ್ಲಿ ಉಗುಳಬಾರದು!” ಎರಡೂ ಕಣ್ಣು ಬಂದಿದ್ದವು. ಮೂಗು ಒರೆಸಿಕೊಳ್ಳುತ್ತಾ ಒಳಗೆ ಕಾಲಿಟ್ಟೆ.

ಆಗ ನೋಡಿದೆ. ಅತ್ತೆಯದನ್ನು ಬಿಟ್ಟು ಸಾಲಾಗಿ ಹದಿನೆಂಟು ಹಾಸಿಗೆ. ಹದಿನೆಂಟು ಮುದುಕಿಯರು. ಯಾರ ಕಣ್ಣಿಗೂ ಪಟ್ಟಿ ಇರಲಿಲ್ಲ. ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ಕೈಮುಗಿದು ಕೂತಿದ್ದರು. ವಾರ್ಡಿನ ಟಿ.ವಿ.ಯ ಮುಂದೆ ದೀಪ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಒಡೆದ ತೆಂಗಿನಕಾಯಿ.

“ಅರ್ಥ ಹೇಳೋರು ಬಂದ್ರಬೇ” ಎಂದರು ಅತ್ತೆ.

ಡಾಕ್ಟರ್ ಸುರೇಖಾ ಕೈಕಟ್ಟಿಕೊಂಡು ನನ್ನ ಮುಂದೆ ಬಂದು ನಿಂತರು.

“ಪುರಾಣ ಕೇಳಿದ್ರ ಕಣ್ಣಿನ ಪೊರಿ ಬೀಳ್ತೈತಿ ಅಂದೋರು ನೀವ ಏನ್ರಿ? ಮೂರು ದಿನ ಆತು, ಒಬ್ರೂ ಆಪರೇಶನ್ನಿಗೆ ಒಪ್ಪವಲ್ರು. ಪುರಾಣದಾಗನ ಬೀಳೂದಿದ್ರ ಕತ್ತಿ ಯಾಕ ಅಂತಾರ. ನೀವು ಯಾವ ವಿಷಯದ ಮಾಸ್ತರ್ರಿ?”

ವಿಜ್ಞಾನ ಎನ್ನಲು ನನಗೆ ಬಾಯಿ ಬರಲಿಲ್ಲ. “ಡ್ರಿಲ್ ಮಾಸ್ತರ್ರಿ” ಎಂದೆ.

“ವಿಜ್ಞಾನರಿ ಡಾಕ್ಟರ್ರ” ಎಂದಳು ನನ್ನ ಬೆನ್ನ ಹಿಂದಿನಿಂದ ಶಿವಲೀಲಾ.

ನಾನು ಅಲ್ಲೇ ನಿಂತು ಹದಿನೆಂಟು ಜನರಿಗೂ ಕೈಮುಗಿದು ಹೇಳಿದೆ. ಆ ಮಾತು ಸುಳ್ಳು ತಾಯಂದಿರಾ, ಕಣ್ಣು ಬರುವುದು ಡಾಕ್ಟರ ಕೈಯಿಂದ ಎಂದೆ. ಯಲಬುರ್ಗಾದ ಮಾರೆಮ್ಮ ಎಂಬ ಅಜ್ಜಿ ತಿರುಗಿ ನನ್ನ ದಿಕ್ಕಿಗೆ ಕೈ ಮಾಡಿತು.

“ಹಂಗಾರ ವಿರೂಪಾಕ್ಷಮ್ಮಗ ಕಣ್ಣು ಹೆಂಗ ಬಂದೂವು? ಆಕಿ ಪುರಾಣ ಕೇಳಿದ್ಲು, ಕಣ್ಣು ಬಂದೂವು. ನಾವು ಕೇಳಿಲ್ಲ, ಬಂದಿಲ್ಲ. ಇದರಾಗ ತಿಳಿಯದ್ದು ಏನೈತೋ ಯಪ್ಪಾ?”

ಪ್ರಯೋಗ, ವೀಕ್ಷಣೆ, ತೀರ್ಮಾನ. ಹದಿನೇಳು ವರ್ಷ ನಾನು ಕಲಿಸಿದ್ದೂ ಇದನ್ನೇ. ಡಾಕ್ಟರ ಮುಖ ನೋಡಿದೆ.

“ನೀವ ಹಚ್ಚೀರಿ, ನೀವ ಮಂಗಲ ಮಾಡ್ರಿ” ಎಂದರು ಅವರು. “ಹದಿನೆಂಟು ಮಂದಿ. ದಿನಾ ಇಬ್ಬರಂಗ ಒಂಬತ್ತು ದಿನ. ಕಥಿ ಹೇಳ್ರಿ, ಆದ್ರ ಫಲ ಬದಲಿ ಮಾಡ್ರಿ. ಆಪರೇಶನ್ ಮಾಡಿಸಿಕೊಂಡು ಕೇಳಿದೋರಿಗಷ್ಟ ಫಲ ಅಂತ ದಿನಾ ಹೇಳಬೇಕು. ಸಾಲಿಗೆ ರಜಾ ಚೀಟಿ ಕಳಸ್ರಿ.”

ಶಿವಲೀಲಾ ಅವ್ವನ ಚೀಲದಿಂದ ಕೈಪಿಡಿ ತೆಗೆದು ನನ್ನ ಕೈಗಿಟ್ಟಳು. ಅತ್ತೆ ನನ್ನ ನುಣ್ಣನೆಯ ಕೆನ್ನೆಯನ್ನು ಎರಡು ಕಣ್ಣಲ್ಲೂ ದಿಟ್ಟಿಸಿ, “ಇರಲಿ, ಇವತ್ತಿಂದ ಗಡ್ಡ ಬಿಡ್ರಿ” ಎಂದರು. ಹದಿನೆಂಟು ಮುದುಕಿಯರು ಕಿವಿ ನಿಮಿರಿಸಿ ಕೂತರು. ನಾನು ಮೊದಲ ಪುಟ ತೆರೆದೆ.

ಡಾಕ್ಟರಿಗೆ ನನ್ನ ಮುಖ ನೋಡಿ ಸ್ವಲ್ಪ ಕನಿಕರ ಬಂದಿರಬೇಕು. ನರ್ಸಮ್ಮನನ್ನು ಕರೆದು, “ಮಾಸ್ತರಿಗೆ ಬಾಜೂ ಖೋಲ್ಯಾಗ ಒಂದು ಕಾಟ್ ಹಾಕಿಸಿಕೊಡ್ರಿ” ಎಂದರು.

“ಕಾಟ್ ಬ್ಯಾಡ್ರಿ ಡಾಕ್ಟರ್ರ” ಎಂದರು ನನ್ನ ಅತ್ತೆ. “ನಾ ಕಂಬಳಿ ತಂದೀನಿ.”